ಖಾಲಿ ಮನೆಗೆ ಒಗ್ಗರಣೆ

ಖಾಲಿ ಮನೆ ತೋರಿಸಲು ಹೋಗುವವರು ಗಿರಾಕಿಗಿಂತ ಮೊದಲೇ ಹೋಗಿ. ಹೋದವರು ಕಿಟಕಿಗಳನ್ನೆಲ್ಲ ತೆರೆಯಿರಿ. ನಲ್ಲಿ ಬಿಟ್ಟು ತುಕ್ಕಿನ ನೀರು ಹರಿದುಹೋಗುವವರೆಗೆ ಅಲ್ಲೇ ನಿಂತಿರಿ. ಬಚ್ಚಲಿನ ಜಾಲರಿಗೆ ಒಂದು ಬಾಲ್ದಿ ನೀರು ಸುರಿಯಿರಿ. ಬಹಳ ದಿನ ಮುಚ್ಚಿದ ಮನೆಯಲ್ಲಿ ಆ ಜಾಲರಿ ಒಣಗಿ, ಗಟಾರದ ವಾಸನೆ ನೆಟ್ಟಗೆ ಮೇಲೆ ಬರುತ್ತದೆ. ನೀವು "ಗಾಳಿ ಬೆಳಕು ಚೆನ್ನಾಗಿದೆ" ಎಂದು ಬಾಯಿ ತೆರೆಯುವ ಮೊದಲೇ ಗಿರಾಕಿ ಮೂಗು ಮುಚ್ಚಿಕೊಂಡಿರುತ್ತಾನೆ.

ಇದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಈಗ ನಮ್ಮ ಕಸುಬಿಗೂ ಪರೀಕ್ಷೆ, ನೋಂದಣಿ, ಸರ್ಟಿಫಿಕೇಟ್ ಎಲ್ಲ ಬಂದಿದೆ. ಬರಲಿ, ಒಳ್ಳೆಯದೇ. ಮೊದಲಾದರೆ ಪಾನ್ ಅಂಗಡಿಯವನೂ ಬ್ರೋಕರ್, ಇಸ್ತ್ರಿಯವನೂ ಬ್ರೋಕರ್. ನಾನೂ ತಲೆ ನರೆತ ಮೇಲೆ ಹುಡುಗರ ಜೊತೆ ಕೂತು ಆ ಪರೀಕ್ಷೆ ಬರೆದು ಪಾಸಾದೆ. ಆದರೆ ಕಸುಬು ಬಿಟ್ಟ ಮೇಲೂ ಯಾರಾದರೂ ಹೊಸಬರು "ವಾರಿಜಕ್ಕ, ಏನಾದರೂ ಹೇಳಿ" ಎಂದು ಬಂದರೆ ನಾನು ಶುರುಮಾಡುವುದು ಬಚ್ಚಲಿನ ಜಾಲರಿಯಿಂದಲೇ. ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಾರೆ. ಹೋಗಲಿ, ಅವರು ವಿಡಿಯೋ ಮಾಡಿಕೊಂಡಿರಲಿ.

ನಾನು ಕುಂದಾಪುರದ ಕಡೆಯವಳು. ಡೊಂಬಿವಲಿಗೆ ಬಂದದ್ದು ಅಣ್ಣನ ಮಕ್ಕಳನ್ನು ನೋಡಿಕೊಳ್ಳಲು. ಅಣ್ಣ ಹೋಟೆಲಿಗೆ, ಅತ್ತಿಗೆ ಆಫೀಸಿಗೆ, ಮಕ್ಕಳು ನನ್ನ ಪಾಲಿಗೆ. ಮಕ್ಕಳು ದೊಡ್ಡವಾಗುವ ಹೊತ್ತಿಗೆ ಅಣ್ಣ ಸ್ವಂತ ಹೋಟೆಲು ಹಾಕುತ್ತೇನೆಂದು ನಾಸಿಕಕ್ಕೆ ಹೊರಟ. ನೀನೂ ಬಾ ಎಂದ. ಅಲ್ಲಿ ನನಗೆ ಎಂತ ಕೆಲಸ ಉಂಟು ಎಂದು ನಾನು ಹೋಗಲಿಲ್ಲ. ನನ್ನ ಮದುವೆಯ ಮಾತನ್ನು ಎತ್ತಬೇಕಾದ ಕಾಲದಲ್ಲಿ ಯಾರೂ ಎತ್ತಿರಲಿಲ್ಲ. ಎತ್ತಿದಾಗ ನನಗೇ ಬೇಡವಾಗಿತ್ತು. ಹೀಗೆ ಒಬ್ಬಳೇ ಉಳಿದವಳು ಸ್ಟೇಷನ್ ಹತ್ತಿರದ ಒಂದು ಎಸ್ಟೇಟ್ ಏಜೆನ್ಸಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದೆ.

ಯಜಮಾನರು ಗುಪ್ತೆ ಸಾಹೇಬರು, ಮಹಾ ಮುಂಗೋಪಿ. ಫೋನ್ ಎತ್ತುತ್ತಿದ್ದ ನನ್ನನ್ನು ಮನೆ ತೋರಿಸಲು ಕಳಿಸಿದವರು ಅವರೇ. ಹೆಂಗಸು ಬಾಗಿಲು ತೆರೆದರೆ ಹೆಂಗಸರು ಧೈರ್ಯವಾಗಿ ಒಳಗೆ ಬರುತ್ತಾರೆ ಎನ್ನುವುದು ಅವರ ಲೆಕ್ಕ. ಮೊದಲ ಗಿರಾಕಿಗೆ ನಾನು ಉಸಿರು ಬಿಡದೆ ಮಾತಾಡಿದೆ. ಇದು ಪೂರ್ವಕ್ಕೆ, ಅದು ಮಾರ್ಕೆಟ್ಟಿಗೆ ಹತ್ತಿರ, ಮೇಲಿನವರು ಬಹಳ ಒಳ್ಳೆಯವರು. ಗಿರಾಕಿ ಹೊರಟುಹೋದ ಮೇಲೆ ಸಾಹೇಬರು ಸಿಡಿದರು. "ಘರ್ ದಾಖವ್, ಬೋಲೂ ನಕೋ!" ಮನೆ ತೋರಿಸು, ಮಾತಾಡಬೇಡ. ನೀನು ಮಾತಾಡುತ್ತಿದ್ದರೆ ಅವರು ತಮ್ಮ ಕಪಾಟು ಎಲ್ಲಿಡಬೇಕೆಂದು ಯೋಚಿಸುವುದು ಯಾವಾಗ ಎಂದು ಕೇಳಿದರು. ನನ್ನ ಕೆಲಸದ ಬದುಕಿನಲ್ಲಿ ಯಾರೂ ಅದಕ್ಕಿಂತ ಉಪಯೋಗದ ಬೈಗುಳ ಬೈದಿಲ್ಲ. ಬಾಗಿಲು ತೆರೆದ ಮೇಲೆ ನೀವು ಮೂಲೆಗೆ ಸರಿದುಬಿಡಬೇಕು. ಹೆಂಡತಿ ಅಡುಗೆಮನೆಗೆ ಹೋದಾಗ ಹಿಂದೆಯೇ ಹೋಗಬಾರದು. ಗಂಡ ಹೆಂಡತಿ ಪಿಸುಗುಟ್ಟಿದರೆ ನೀವು ಕಿಟಕಿಯ ಹೊರಗೆ ನೋಡಬೇಕು.

ಹಾಗೆ ಕಿಟಕಿಯ ಹೊರಗೆ ನೋಡುತ್ತಲೇ ನನ್ನ ಆಯುಷ್ಯ ಕಳೆಯಿತು ಎಂದರೂ ತಪ್ಪಿಲ್ಲ.

ಇನ್ನು ಒಗ್ಗರಣೆಯ ವಿಷಯ. ನನ್ನ ಹೆಸರು ಕೇಳಿದವರು ಮೊದಲು ಕೇಳುವುದು ಅದನ್ನೇ, ಆದ್ದರಿಂದ ಸರಿಯಾಗಿ ಬರೆದಿಡುತ್ತೇನೆ. ಸಾಹೇಬರು ಕಣ್ಣು ಮುಚ್ಚಿದ ಮೇಲೆ ನಾನು ಸ್ವಂತ ಕೆಲಸ ಶುರುಮಾಡಿದ ಹೊಸತು. ಒಂದು ಖಾಲಿ ಫ್ಲ್ಯಾಟಿನ ಕೀಲಿಕೈ ನನ್ನ ಬಳಿ ಇತ್ತು. ಎಷ್ಟು ಜನಕ್ಕೆ ತೋರಿಸಿದರೂ ಹೋಗುತ್ತಿರಲಿಲ್ಲ. ಬಂದವರು ನೋಡುತ್ತಿದ್ದರು, ತಲೆಯಾಡಿಸುತ್ತಿದ್ದರು, ಹೋಗುತ್ತಿದ್ದರು. ಆವತ್ತು ಗಿರಾಕಿ ತಡವಾಗಿ ಬರುತ್ತೇವೆಂದಿದ್ದರು. ಹಸಿವಾಯಿತು. ಹಿಂದಿನವರು ಬಿಟ್ಟುಹೋದ ಕರೆಂಟಿನ ಒಲೆ ಒಂದಿತ್ತು. ನನ್ನ ಚೀಲದಲ್ಲಿ ಅವಲಕ್ಕಿ ಇತ್ತು. ಕೆಳಗಿನ ಅಂಗಡಿಯಿಂದ ಎಣ್ಣೆ, ಸಾಸಿವೆ, ಕರಿಬೇವು ತಂದು, ವಾಚ್‌ಮನ್‌ನ ಹೆಂಡತಿಯ ಹತ್ತಿರ ಸೌಟು ಕೇಳಿ ಒಗ್ಗರಣೆ ಹಾಕಿದೆ. ಸಾಸಿವೆ ಚಟಪಟ ಎನ್ನುವಾಗಲೇ ಬೆಲ್ ಆಯಿತು. ಗಿರಾಕಿ ಬೇಗ ಬಂದುಬಿಟ್ಟಿದ್ದರು! ನಾಚಿಕೆಯಿಂದ ಸತ್ತುಹೋದೆ. ಆದರೆ ಆ ಹೆಂಗಸು ಬಾಗಿಲಲ್ಲೇ ನಿಂತು ಗಂಡನಿಗೆ ಹೇಳಿದಳು, "ಮನೆ ಥರಾ ಇದೆ ಅಲ್ವಾ?" ಮನೆ ಮನೆಯ ಹಾಗಿರದೆ ಇನ್ನೇನಿರುತ್ತದೆ? ಆದರೆ ನನಗೆ ಅರ್ಥವಾಯಿತು. ಬೀಗ ಹಾಕಿದ ಮನೆ ಯಾರಿಗೂ ಬೇಡ. ಯಾರೋ ಈಗಷ್ಟೇ ಒಳಗೆ ಎದ್ದು ಹೋಗಿದ್ದಾರೆ ಎನ್ನಿಸುವ ಮನೆ ಎಲ್ಲರಿಗೂ ಬೇಕು.

ಅಂದಿನಿಂದ ನನ್ನ ಚೀಲದಲ್ಲಿ ಒಂದು ಸಣ್ಣ ಕರೆಂಟಿನ ಒಲೆ, ಹಿಡಿ ಬಾಗಿದ ಕಬ್ಬಿಣದ ಸೌಟು, ನಾಲ್ಕು ಪುಟ್ಟ ಡಬ್ಬಿ. ಗಿರಾಕಿ ನೋಡಿ ಒಗ್ಗರಣೆ. ನಮ್ಮ ಕರಾವಳಿಯವರಿಗೆ ತೆಂಗಿನೆಣ್ಣೆ, ಕರಿಬೇವು. ಮರಾಠಿಯವರಿಗೆ ಬೆಳ್ಳುಳ್ಳಿ, ಜೀರಿಗೆ. ಗುಜರಾತಿಗಳಿಗೆ ತುಪ್ಪ, ಇಂಗು. ಕೋಪರಖೈರಣೆಯಲ್ಲಿ ಒಮ್ಮೆ ಡಬ್ಬಿ ಅದಲುಬದಲಾಗಿ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಜೈನರ ಮನೆಮಂದಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿಬಿಟ್ಟೆ. ಅವರು ಹೊಸ್ತಿಲು ದಾಟದೆ ಲಿಫ್ಟ್ ಹತ್ತಿದರು. ಮನೆಯ ಮಾಲೀಕರು ಫೋನಿನಲ್ಲಿ ನನ್ನನ್ನು ಉಗಿದು ಉಪ್ಪಿನಕಾಯಿ ಹಾಕಿದರು. ಡಬ್ಬಿಗಳಿಗೆ ಬಣ್ಣದ ಟೇಪು ಸುತ್ತಿದ್ದು ಆಮೇಲೆ.

ಒಗ್ಗರಣೆ ಬೀಳುವುದಕ್ಕೆ ಕೆಳಗೆ ಸಾರಿಲ್ಲ, ಪಲ್ಯವಿಲ್ಲ. ಗಿರಾಕಿ ಹೋದ ಮೇಲೆ ತಣ್ಣಗಾದದ್ದನ್ನು ಕಾಗದದಲ್ಲಿ ಸುತ್ತಿ ಎಸೆಯುವುದು. ನನ್ನ ಸ್ವಂತ ರೂಮಿನಲ್ಲಿ ಒಗ್ಗರಣೆ ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. ಒಬ್ಬಳಿಗೆ ಎಂತಕ್ಕೆ? ಅನ್ನ, ಮೊಸರು, ಮಾವಿನಮಿಡಿ, ಮುಗಿಯಿತು.

ಎಲ್ಲರ ಮೇಲೂ ಈ ಉಪಾಯ ನಡೆಯುತ್ತದೆ ಎಂದುಕೊಳ್ಳಬೇಡಿ. ಕಲಬುರಗಿ ಕಡೆಯ ಶರಣಪ್ಪ ಎಂಬವರು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತ ಬಂದು, ಆಮೇಲೆ ಗೌಂಡಿಯಾಗಿ, ಕಡೆಗೂ ಟಿಟ್ವಾಳಾದಲ್ಲಿ ಒಂದು ಕೋಣೆಯ ಮನೆ ನೋಡಲು ಹೆಂಡತಿಯೊಡನೆ ಬಂದರು. ನಾನು ಶೇಂಗಾ ಎಣ್ಣೆಯ ಒಗ್ಗರಣೆ ಹಾಕಿ ಕಾದಿದ್ದೆ. ಅವರು ಮೂಗರಳಿಸಿ, "ವಾಸನಿ ಚಲೋ ಐತ್ರಿ ಅಕ್ಕಾರ" ಎಂದರು. ಗೋಡೆ ನೋಡಲಿಲ್ಲ, ನೆಲ ನೋಡಲಿಲ್ಲ. ಹೊರಗೆ ಹೋಗಿ ಎದುರು ಮನೆಯ ಬಾಗಿಲು ಬಡಿದರು.

"ಏನ್ ಮಾಡ್ತೀರಿ?" ಎಂದು ನಾನು ಗಾಬರಿಯಾದೆ.

"ನೀರು ಕೇಳ್ತೀನ್ರಿ. ನಾ ಕೆಲಸಕ್ಕ ಹೋದಾಗ ಇಕಿ ಒಬ್ಬಾಕಿನ ಇರತಾಳ. ನೀರು ಕೊಡದ ಮಂದಿ ನಾಳಿ ಏನ್ ಕೊಡತಾರ್ರಿ?"

ಎದುರು ಮನೆಯಾಕೆ ಚೊಂಬು ತುಂಬ ನೀರು ಕೊಟ್ಟು, ಜೊತೆಗೆ ಊರು ಯಾವುದೆಂದೂ ಕೇಳಿದಳು. ಶರಣಪ್ಪ ನೀರು ಕುಡಿದು ಬಾಯಿ ಒರೆಸಿಕೊಂಡು, "ಮನಿ ತಗೋತೀನ್ರಿ" ಎಂದರು. ಅಲ್ಲಿಂದ ಮುಂದೆ ಯಾರು ಮನೆ ಕೊಳ್ಳಲು ಬಂದರೂ ನಾನು ಇದೊಂದು ಸಲಹೆ ಕೊಡುತ್ತ ಬಂದೆ. ಮಳೆಗಾಲದಲ್ಲಿ ಮನೆ ನೋಡಿ, ಸೋರುವುದು ಕಾಣುತ್ತದೆ. ಸಂಜೆ ನೀರು ಬಿಡುವ ಹೊತ್ತಿಗೆ ನೋಡಿ, ಜಗಳ ಕಾಣುತ್ತದೆ. ಕಡೆಗೆ ಎದುರು ಮನೆಯಲ್ಲಿ ಒಂದು ಲೋಟ ನೀರು ಕೇಳಿ.

ಒಂದು ಮಾತು ಹೊಸಬರು ತಿಳಿದಿರಬೇಕು. ಹಾಲುಕ್ಕಿಸುವ ದಿನ ಬ್ರೋಕರನ್ನು ಯಾರೂ ಕರೆಯುವುದಿಲ್ಲ. ಬಣ್ಣ ಬಳಿದವನನ್ನು ಕರೆಯುತ್ತಾರೆ, ಬಡಗಿಯನ್ನು ಕರೆಯುತ್ತಾರೆ. ನಮ್ಮ ಮುಖ ಕಂಡರೆ ಅವರಿಗೆ ದಲಾಲಿ ನೆನಪಾಗುತ್ತದೆ. ನಾನು ಕೊಡಿಸಿದ ಎಷ್ಟೋ ಮನೆಗಳ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದನ್ನು ರಸ್ತೆಯ ಆಚೆ ಬದಿಯಿಂದ ನೋಡಿದ್ದೇನೆ. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೂ ಬೇಸರವೇ ಆಗುತ್ತಿತ್ತು, ಆದರೆ ನಿಂತು ನೋಡುವುದನ್ನು ಬಿಟ್ಟೆ.

ಈಗ ಉಪಾಧ್ಯರ ಮನೆಗೆ ಬರುತ್ತೇನೆ. ನನ್ನ ಕಸುಬಿನಲ್ಲಿ ಅಷ್ಟು ದೊಡ್ಡ ಎಡವಟ್ಟು ಇನ್ನೊಂದಿಲ್ಲ.

ಉಪಾಧ್ಯರು ಉಡುಪಿಯವರು, ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಂಡಿದ್ದು ನಿವೃತ್ತರಾದವರು. ಡೊಂಬಿವಲಿ ಪಶ್ಚಿಮದಲ್ಲಿ ಮೂರನೇ ಮಹಡಿಯಲ್ಲಿ ಅವರ ಮನೆ. ಅಡುಗೆಮನೆಯ ಕಿಟಕಿಯಿಂದ ಖಾಡಿಯ ಹಿನ್ನೀರು ಒಂದಿಷ್ಟು ಕಾಣುತ್ತದೆ. ಹೆಂಡತಿ ಸುಮತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ವಿದ್ಯಾ ಅವರನ್ನು ಖಾರ್‌ಘರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಈ ಮನೆ ಮಾರುವುದೆಂದು ತೀರ್ಮಾನವಾಯಿತು. ಕೀಲಿಕೈ ನನ್ನ ಕೈಗೆ ಬಂತು. ಮಂಗಳೂರು ಕಡೆಯ ಒಂದು ಸಂಸಾರಕ್ಕೆ ಮನೆ ಬೇಕಿತ್ತು. ನಾನು ಬೇಗ ಹೋಗಿ ಕಿಟಕಿ ತೆರೆದು, ಜಾಲರಿಗೆ ನೀರು ಸುರಿದು, ತೆಂಗಿನೆಣ್ಣೆ ಕಾಯಿಸಿ ಸಾಸಿವೆ ಹಾಕಿದೆ. ಮುಂಬಾಗಿಲು ತೆರೆದೇ ಇತ್ತು.

ನಡುಮನೆಯಿಂದ ದನಿ ಬಂತು. "ಸುಮತೀ, ಉರಿ ಸಣ್ಣ ಮಾಡು. ಸಾಸಿವೆ ಸೀದು ಹೋಗ್ತದೆ."

ಉಪಾಧ್ಯರು! ಗಿರಾಕಿಯನ್ನು ತಾವೂ ನೋಡಬೇಕೆಂದು ಹೇಳದೆ ಕೇಳದೆ ಬಂದುಬಿಟ್ಟಿದ್ದರು. ಅಡುಗೆಮನೆಯ ಬಾಗಿಲಿಗೆ ಬಂದರು, ನನ್ನನ್ನು ನೋಡಿದರು, ನನ್ನ ಕೈಯ ಸೌಟು ನೋಡಿದರು. ಅವರ ಮುಖದಲ್ಲಿ ಆಗ ಆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ನಡುಮನೆಗೆ ಹಿಂದಿರುಗಿ, ಕೂರಲು ಏನೂ ಇಲ್ಲದ್ದರಿಂದ ನೆಲದ ಮೇಲೇ ಕೂತರು. ನಾನು ನೀರು ಕೊಟ್ಟೆ. ಕುಡಿದು ಮುಗಿಸಿ, "ಮಾರುದು ಬೇಡ" ಎಂದರು.

"ಗಿರಾಕಿ ಕೆಳಗೆ ಬಂದಾಯ್ತು ಮಾರಾಯ್ರೆ."

"ಬಂದವ್ರು ಹೋಗ್ಲಿ. ನಾನು ಇಲ್ಲೇ ಇರ್ತೇನೆ."

ಗಿರಾಕಿಯನ್ನು ನಾನೇ ಮೆಟ್ಟಿಲಲ್ಲಿ ತಡೆದು ಏನೇನೋ ಹೇಳಿ ಕಳಿಸಿದೆ. ವ್ಯವಹಾರ ಕೈಬಿಟ್ಟು ಹೋದದ್ದಕ್ಕೆ ನನ್ನ ಮೈ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ವಿದ್ಯಾಳ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ. ಮರುದಿನ ಅವಳು ನನ್ನ ಆಫೀಸಿಗೇ ಬಂದಳು. ಆಫೀಸು ಎಂದರೆ ಝೆರಾಕ್ಸ್ ಅಂಗಡಿಯ ಪಕ್ಕ ಒಂದು ಮೇಜು, ಎರಡು ಕುರ್ಚಿ. ಅವಳು ಕೂರಲಿಲ್ಲ.

"ಎಂತ ಮಾಡಿಬಿಟ್ರಿ ನೀವು? ಅಪ್ಪ ಆ ಮನೆಯಲ್ಲಿ ಅಕೇಲೆ ಇರ್ತಾರಂತೆ. ರಾತ್ರಿ ಏನಾದ್ರೂ ಆದ್ರೆ ನಾನು ಖಾರ್‌ಘರಿಂದ ಠಾಣೆ ಗಾಡಿ ಹಿಡಿದು, ಅಲ್ಲಿ ಬದಲಿಸಿ ಬರ್ಬೇಕು. ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರ್ತದೆ. ನಿಮಗೇನು, ನಿಮಗೆ ಇನ್ನೊಂದು ಘರ್ ಸಿಕ್ತದೆ ಮಾರ್ಲಿಕ್ಕೆ."

ಅವಳು ಹೋದಳು. ಉಪಾಧ್ಯರು ತಮ್ಮ ಮನೆಗೆ ವಾಪಸು ಬಂದರು. ಆಮೇಲೆ ಎಷ್ಟೋ ವರ್ಷ ಅಲ್ಲೇ ಇದ್ದರು. ಆಗೀಗ ನನಗೆ ಫೋನ್ ಮಾಡುತ್ತಿದ್ದರು. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂದಿಲ್ಲ. "ಅವತ್ತು ಇಂಗು ಹಾಕಿದ್ಯಾ?"

"ಇಲ್ಲ. ಒಂದು ಬ್ಯಾಡಗಿ ಮೆಣಸು ಮುರಿದು ಹಾಕಿದ್ದೆ, ಅಷ್ಟೆ."

"ಹಾಂ. ಅದೇ ಬಿಟ್ಟುಹೋಗಿತ್ತು." ಫೋನ್ ಇಡುತ್ತಿದ್ದರು.

ಮುಂದಿನ ಸಲ ಎಣ್ಣೆ ಎಷ್ಟು ಕಾಯಬೇಕು ಎಂದು. ಅದಾದ ಮೇಲೆ ಕರಿಬೇವು ಮೊದಲೋ ಮೆಣಸು ಮೊದಲೋ ಎಂದು. ಕೆಲಸಕ್ಕೆ ಸಂಬಂಧವಿಲ್ಲದೆ ನನಗೆ ಫೋನ್ ಮಾಡುತ್ತಿದ್ದ ಮನುಷ್ಯ ಅವರೊಬ್ಬರೇ. ಆಗ ಅದು ನನಗೆ ಹೊಳೆದಿರಲಿಲ್ಲ. ಅವರ ಮನೆಯ ಬಾಗಿಲಿಗೆ ಮತ್ತೆ ಹೋಗಲೂ ಇಲ್ಲ. ಕೀಲಿಕೈ ಹಿಂದೆ ಕೊಟ್ಟ ಮೇಲೆ ಆ ಮನೆಗೂ ಬ್ರೋಕರಿಗೂ ಸಂಬಂಧವಿಲ್ಲ ಎನ್ನುವುದು ಗುಪ್ತೆ ಸಾಹೇಬರ ಇನ್ನೊಂದು ನಿಯಮ. ಉಪಾಧ್ಯರು ತೀರಿಕೊಂಡರೆಂದು ವಾಚ್‌ಮನ್ ಹೇಳಿದಾಗಲೂ ಕೆಳಗೆ ಗೇಟಿನ ಹತ್ತಿರ ನಿಂತು, ವಿದ್ಯಾ ರಿಕ್ಷಾದಿಂದ ಇಳಿದು ಓಡುತ್ತ ಒಳಗೆ ಹೋದದ್ದನ್ನು ನೋಡಿ ಬಂದೆ. ಅವಳು ಹೆದರಿದ್ದ ಹಾಗೆಯೇ ಆಗಿತ್ತು. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಷ್ಟು ಹೊತ್ತಿಗೆ ಕಸುಬೇ ಬದಲಾಗಿತ್ತು. ಗಿರಾಕಿ ಮೊಬೈಲಿನಲ್ಲೇ ಮನೆ ನೋಡಿ, ದರ ನೋಡಿ, ನಮಗಿಂತ ಹೆಚ್ಚು ತಿಳಿದುಕೊಂಡು ಬರುತ್ತಾನೆ. ಪ್ರಣಾಲಿ ಎಂಬ ಮರಾಠಿ ಹುಡುಗಿ ನಮ್ಮ ಸಾಲಿನಲ್ಲೇ ಗಾಜಿನ ಬಾಗಿಲಿನ ಆಫೀಸು ತೆರೆದಳು. ಚುರುಕು ಎಂದರೆ ಚುರುಕು. ಮೊಬೈಲು ಹಿಡಿದು ಮನೆಯೆಲ್ಲ ಒಂದು ಸುತ್ತು ಬಂದರೆ ಪಾಯಖಾನೆಯೂ ಅರಮನೆಯ ಹಾಗೆ ಕಾಣಬೇಕು. "ಮೌಶಿ, ವಿಡಿಯೋದಲ್ಲಿ ವಾಸನೆ ಬರಲ್ಲ" ಎಂದು ನನ್ನ ಸೌಟನ್ನು ನೋಡಿ ನಗುತ್ತಿದ್ದಳು. ಮೌಶಿ ಎಂದರೆ ಚಿಕ್ಕಮ್ಮ. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಅವಳ ಕಡೆ ಸರಿದರು. ಸಿಟ್ಟು ಬರಲಿಲ್ಲ, ಮೊಣಕಾಲು ನೋಯುತ್ತಿತ್ತು. ಮೇಜು ಕುರ್ಚಿಗಳನ್ನು ಝೆರಾಕ್ಸ್ ಅಂಗಡಿಯವನಿಗೇ ಕೊಟ್ಟು ಕಸುಬು ನಿಲ್ಲಿಸಿದೆ.

ಆಗಲೇ ನಾನಿದ್ದ ಕಟ್ಟಡ ಕೆಡವುವ ಸುದ್ದಿ ಬಂತು. ಮಾಲೀಕರಿಗೆ ಹೊಸ ಕಟ್ಟಡದಲ್ಲಿ ಹೊಸ ಮನೆ. ನಾನು ಬಾಡಿಗೆಯವಳು, ಹನ್ನೊಂದು ತಿಂಗಳ ಕರಾರಿನವಳು. ನಮ್ಮ ಕಡೆ ಬಾಡಿಗೆ ಕರಾರೆಲ್ಲ ಹನ್ನೊಂದು ತಿಂಗಳಿನವೇ. ಮುಗಿದ ಹಾಗೆ ಹೊಸದು ಮಾಡಿಸಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಊರಿಗೆಲ್ಲ ಮನೆ ಕೊಡಿಸಿದವಳು ನೀನ್ಯಾಕೆ ಕೊಳ್ಳಲಿಲ್ಲ ಎಂದು ಕೇಳುತ್ತಾರೆ. ಒಬ್ಬಳಿಗೆ ಎಂತಕ್ಕೆ ಎಂದುಕೊಂಡೆ. ಬೇಕು ಎನ್ನಿಸುವಾಗ ದರ ನನ್ನ ತಲೆಯ ಮೇಲಿಂದ ದಾಟಿಹೋಗಿತ್ತು.

ಮನೆ ಹುಡುಕಲು ಪ್ರಣಾಲಿಯೇ ನನ್ನ ಜೊತೆ ಬಂದಳು. ಸಂಕೋಚವೆಲ್ಲ ನನಗೆ. ಎಷ್ಟು ಮನೆಗಳಲ್ಲಿ ನಾನು ಮೂಲೆಗೆ ಸರಿದು ನಿಂತಿದ್ದೆನೋ, ಈಗ ಅವಳು ಮೂಲೆಗೆ ಸರಿದು ನಿಲ್ಲುತ್ತಿದ್ದಳು, ನಾನು ನಡುಮನೆಯಲ್ಲಿ. ಅಂಬರನಾಥದಲ್ಲಿ ಒಬ್ಬರು ಫ್ಯಾಮಿಲಿಗೆ ಮಾತ್ರ ಎಂದರು. ಟಿಟ್ವಾಳಾದಲ್ಲಿ ಒಬ್ಬರು ಒಪ್ಪಿ, ನನ್ನ ವಯಸ್ಸು ಕೇಳಿ ಬಿಟ್ಟರು. ಕಲ್ಯಾಣದ ಒಂದು ಸೊಸೈಟಿಯಲ್ಲಿ ಮಾಲೀಕರು ಸರಿ ಎಂದರೂ ಕಮಿಟಿಯವರು ನನ್ನನ್ನು ನೋಡಬೇಕೆಂದರು. ಸೆಕ್ರೆಟರಿ ಒಳ್ಳೆಯ ಮನುಷ್ಯ, ಚಹಾ ತರಿಸಿದರು. ಆಮೇಲೆ ಹಿಂದಿಯಲ್ಲಿ ಮೆತ್ತಗೆ ಕೇಳಿದರು. ನೀವು ಒಬ್ಬರೇ, ವಯಸ್ಸಾಗಿದೆ. ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು?

ನಾಸಿಕದಲ್ಲಿ ಅಣ್ಣನ ಮಗ ಇದ್ದಾನೆ ಎಂದೆ. ಅಣ್ಣ ತೀರಿಹೋದ ಮೇಲೆ ಅವನು ಚೌತಿಗೊಮ್ಮೆ ಫೋನ್ ಮಾಡಿ ಹಿಂದಿಯಲ್ಲಿ ಆರೋಗ್ಯ ವಿಚಾರಿಸುತ್ತಾನೆ.

"ನಾಸಿಕ್ ದೂರ್ ಹೈ ಮ್ಯಾಡಮ್. ಇಧರ್ ಕೌನ್ ಹೈ?"

ಇಲ್ಲಿ ಯಾರಿದ್ದಾರೆ? ಠಾಣೆಯಿಂದ ಟಿಟ್ವಾಳಾದವರೆಗೆ, ಆಚೆ ನವಿ ಮುಂಬಯಿಯವರೆಗೆ, ನಾನು ಕೀಲಿಕೈ ಕೊಟ್ಟ ಮನೆಗಳು ಲೋಕಲ್ ಗಾಡಿಯ ಕಿಟಕಿಯಿಂದ ಸಾಲಾಗಿ ಕಾಣುತ್ತವೆ. ಆ ಮನೆಗಳಲ್ಲಿ ಒಬ್ಬರ ಹೆಸರನ್ನೂ ನನಗೆ ಹೇಳಲಾಗಲಿಲ್ಲ. ಪ್ರಣಾಲಿ ತಟ್ಟನೆ, "ಮಾಝಾ ನಂಬರ್ ಲಿಹಾ" ಎಂದಳು, ನನ್ನ ನಂಬರ್ ಬರೆದುಕೊಳ್ಳಿ ಎಂದು. ಸೆಕ್ರೆಟರಿ ನಕ್ಕರು. ಬ್ರೋಕರಿನ ನಂಬರ್ ನಡೆಯುವುದಿಲ್ಲವಂತೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮೆಟ್ಟಿಲಿಳಿಯುವಾಗ ನನಗೆ ಅಳು ಬಂತು. ಪ್ರಣಾಲಿ ನೋಡಿಯೂ ನೋಡದವಳ ಹಾಗೆ ಮೊಬೈಲು ನೋಡುತ್ತ ಮುಂದೆ ಹೋದಳು. ಕಸುಬು ಚೆನ್ನಾಗಿ ಕಲಿತಿದ್ದಾಳೆ.

ಕಟ್ಟಡ ಖಾಲಿ ಮಾಡುವ ದಿನ ಹತ್ತಿರವಾಗುತ್ತಿತ್ತು. ಆಗ ವಿದ್ಯಾ ಫೋನ್ ಮಾಡಿದಳು. ಅಪ್ಪನ ಮನೆಯನ್ನು ಬಾಡಿಗೆಗೆ ಕೊಡಬೇಕು, ನೀವು ನೋಡುತ್ತೀರಾ ಎಂದು. ನಾನು ಕಸುಬು ಬಿಟ್ಟಿದ್ದೇನೆ, ಪ್ರಣಾಲಿಯನ್ನು ಕೇಳು ಎಂದೆ.

"ಅವಳಿಗೇ ಮೊದ್ಲು ಫೋನ್ ಮಾಡಿದ್ದೆ. ವಾರಿಜಾ ಮೌಶಿಗೇ ಹೇಳಿ ಅಂದ್ಲು."

ಆ ಮನೆ ನನಗೇ ಕೊಡು ಎಂದು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಮಾಲೀಕರು ನಂಬಿ ಕೊಟ್ಟ ಮನೆಯ ಮೇಲೆ ಬ್ರೋಕರ್ ತಾನೇ ಕಣ್ಣು ಹಾಕಬಾರದು. ಅದೂ ಅಲ್ಲದೆ, ಅವಳಿಂದ ಅಷ್ಟು ಬೈಸಿಕೊಂಡವಳು ಯಾವ ಬಾಯಿಂದ ಕೇಳಲಿ? ಈಗಿನ ಬಾಡಿಗೆ ಎಷ್ಟು ನಡೆಯುತ್ತಿದೆ ಎಂದು ಕೇಳಿದಳು, ವಿಚಾರಿಸಿ ಹೇಳಿದೆ. ಠಾಣೆಯ ಕಡೆ ಕೆಲಸ ಮಾಡುವ ಒಂದು ಜೋಡಿಗೆ ಮನೆ ಬೇಕಿತ್ತು. ಬರಹೇಳಿದೆ.

ಅಭ್ಯಾಸಬಲದಿಂದ ಚೀಲ ಹಿಡಿದುಕೊಂಡೇ ಹೋದೆ. ಕಿಟಕಿ ತೆರೆದೆ, ಜಾಲರಿಗೆ ನೀರು ಸುರಿದೆ. ಗ್ಯಾಸ್ ಒಲೆಯ ಪಕ್ಕದ ಗೋಡೆಯಲ್ಲಿ ಎಣ್ಣೆ ಸಿಡಿದ ಕಲೆಗಳಿದ್ದವು. ಉಪಾಧ್ಯರು ಕೊನೆಯವರೆಗೂ ಆ ಒಗ್ಗರಣೆಯ ಪ್ರಯತ್ನ ಬಿಟ್ಟಿರಲಿಲ್ಲ. ಚೀಲದಿಂದ ಸೌಟನ್ನು ತೆಗೆಯಲಿಲ್ಲ. ಈ ಮನೆಯಲ್ಲಿ ಇನ್ನೊಮ್ಮೆ ಅದು ಬೇಡ ಎನ್ನಿಸಿತು.

ವಿದ್ಯಾ ಬಂದಳು. ಅವಳ ತಲೆಯೂ ನರೆತಿತ್ತು. ಮನೆಯೆಲ್ಲ ಓಡಾಡಿ ಅಡುಗೆಮನೆಯ ಬಾಗಿಲಲ್ಲಿ, ಅವತ್ತು ಅವಳ ಅಪ್ಪ ನಿಂತಲ್ಲೇ ನಿಂತಳು.

"ಇವತ್ತು ಒಗ್ಗರಣೆ ಇಲ್ವಾ?"

"ಬೇಡ ಅನ್ನಿಸಿತು."

"ಅಪ್ಪ ಹೇಳ್ತಿದ್ರು. ಆ ವಾರಿಜಾ ನನಗೆ ಮನೆ ವಾಪಸ್ ಕೊಟ್ಲು ಅಂತ. ನನಗೆ ನಿಮ್ಮ ಮೇಲೆ ಎಷ್ಟು ಗುಸ್ಸಾ ಇತ್ತು ಗೊತ್ತುಂಟಾ? ಈಗ್ಲೂ ಸ್ವಲ್ಪ ಉಂಟು." ಕಣ್ಣೊರೆಸಿಕೊಂಡಳು. "ಹಾಕಿ. ಒಂದ್ಸಲ ನಾನೂ ನೋಡ್ತೇನೆ."

ಒಲೆ ಹಚ್ಚಿದೆ. ತೆಂಗಿನೆಣ್ಣೆ, ಸಾಸಿವೆ, ಒಂದು ಬ್ಯಾಡಗಿ ಮೆಣಸು, ಕಡೆಗೆ ಕರಿಬೇವು. ಹೊಗೆಯೂ ಘಮವೂ ನಡುಮನೆಯವರೆಗೆ ಹೋದವು. ಆಗ ಬೆಲ್ ಆಯಿತು. ಆ ಜೋಡಿ ಒಳಗೆ ಬಂದು ಎರಡು ಹೆಜ್ಜೆ ಇಟ್ಟವರು ನಿಂತರು. ಹುಡುಗಿ ಮೂಗರಳಿಸಿ ಅಡುಗೆಮನೆಯ ಕಡೆ ನೋಡಿ ಕೇಳಿದಳು, "ಇಧರ್ ಕೋಯೀ ರಹತಾ ಹೈ ಕ್ಯಾ?"

ಇಲ್ಲಿ ಯಾರಾದರೂ ವಾಸ ಇದ್ದಾರಾ ಎಂದು. ನಾನು ಎಂದಿನ ಹಾಗೆ "ಇಲ್ಲ, ಖಾಲಿ ಇದೆ" ಎನ್ನಲು ಬಾಯಿ ತೆರೆದೆ.

"ಹಾಂ," ಎಂದಳು ವಿದ್ಯಾ ನನಗಿಂತ ಮೊದಲೇ. ಸೌಟು ಹಿಡಿದು ನಿಂತಿದ್ದ ನನ್ನನ್ನು ತೋರಿಸಿದಳು. "ಯೇ ರಹತೀ ಹೈ."

ಆ ಜೋಡಿ ನನ್ನ ಮೇಲೆ ರೇಗಿದ್ದರಲ್ಲಿ ತಪ್ಪಿಲ್ಲ. ಅವರನ್ನು ಕೆಳಗಿನವರೆಗೆ ಬಿಟ್ಟು, ಪ್ರಣಾಲಿಯ ನಂಬರ್ ಕೊಟ್ಟು, ಏದುಸಿರು ಬಿಡುತ್ತ ಮೇಲೆ ಬಂದೆ. "ಪ್ರಣಾಲಿ ಎಲ್ಲ ಹೇಳಿದ್ದಾಳೆ" ಎಂದಳು ವಿದ್ಯಾ. ನೀವಾಗಿಯೇ ಕೇಳುತ್ತೀರೋ ನೋಡುವ ಎಂದು ಸುಮ್ಮನಿದ್ದಳಂತೆ. ನನಗೆ ನಾಚಿಕೆ, ಸಿಟ್ಟು, ಅಳು ಒಟ್ಟಿಗೇ ಬಂದವು. ಏನು ಮಾಡುವುದೆಂದು ತಿಳಿಯದೆ ಚೌಕಾಶಿಗೆ ಇಳಿದೆ. ಬಾಡಿಗೆ ಜಾಸ್ತಿಯಾಯಿತು ಎಂದೆ.

"ನೀವೇ ಹೇಳಿದ ಬಾಡಿಗೆ ಅಲ್ವಾ?" ಎಂದಳು.

ಬಾಡಿಗೆ ಇಳಿಸಿದಳು, ಸ್ವಲ್ಪವೇ. ಕರಾರು ಹನ್ನೊಂದು ತಿಂಗಳಿಗೇ. ಇದು ಧರ್ಮಕ್ಕೆ ಕೊಟ್ಟದ್ದು ಎಂದು ಯಾರೂ ತಿಳಿಯಬೇಡಿ.

ಈ ಸೊಸೈಟಿಯಲ್ಲೂ ಕಮಿಟಿ ಉಂಟು. ಅವರೂ ಚಹಾ ಕೊಟ್ಟರು, ಅವರೂ ಅದನ್ನೇ ಕೇಳಿದರು. ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು?

"ನನಗೆ ಮಾಡಿ," ಎಂದಳು ವಿದ್ಯಾ. ಹೊರಗೆ ಬಂದ ಮೇಲೆ ನಾನು, ಅಷ್ಟು ದೂರದಿಂದ ನೀನು ಬರಲಿಕ್ಕಾಗುತ್ತದಾ, ಯಾಕೆ ಹೇಳಿದೆ ಎಂದೆ. ಅವಳು ಗೇಟಿನ ಹತ್ತಿರ ನಿಂತು ರಿಕ್ಷಾ ಬರುತ್ತದೋ ಎಂದು ನೋಡುತ್ತ ಹೇಳಿದಳು, "ಅಪ್ಪ ಇಲ್ಲಿಗೆ ಬಂದಾಗಿಂದ ಮೊಬೈಲ್ ತಲೆ ಹತ್ರ ಇಟ್ಕೊಂಡೇ ಮಲಗೋದು ನಾನು. ಯಾವಾಗ ಫೋನ್ ಬರ್ತದೋ ಅಂತ. ಅಪ್ಪ ಹೋದ್ರು, ಅಭ್ಯಾಸ ಹೋಗ್ಲಿಲ್ಲ. ಈಗ ಯಾರ ಫೋನಿಗೆ ಕಾಯೋದು ಅಂತ ಗೊತ್ತಾಗಲ್ಲ. ನಿಮ್ಮದಾದ್ರೂ ಬರ್ಲಿ."

ಸಾಮಾನು ಹೆಚ್ಚಿರಲಿಲ್ಲ. ಒಂದು ಟೆಂಪೋದಲ್ಲಿ ಎಲ್ಲ ಬಂತು. ಬಂದ ದಿನ ಹಾಲುಕ್ಕಿಸಿದೆ, ನನ್ನನ್ನು ನಾನೇ ಕರೆದುಕೊಂಡೆ. ಎದುರು ಮನೆಯಲ್ಲಿ ನೀರು ಕೇಳಿದೆ, ಕೊಟ್ಟರು. ಆಮೇಲೆ ತೊಗರಿಬೇಳೆ ಬೇಯಿಸಿ ಸಾರು ಮಾಡಿದೆ. ಹಿಡಿ ಬಾಗಿದ ಸೌಟನ್ನು ಒಲೆಯ ಮೇಲಿಟ್ಟು ಒಗ್ಗರಣೆ ಕಾಯಿಸಿ, ಕುದಿಯುತ್ತಿದ್ದ ಸಾರಿಗೆ ಸುರಿದಾಗ ಅದು ಚುಂಯ್ ಎಂದಿತು. ಆ ಸೌಟಿನಿಂದ ನಾನು ಆ ಸದ್ದನ್ನು ಕೇಳಿಯೇ ಇರಲಿಲ್ಲ. ಒಲೆ ಆರಿಸಿದೆ. ಆಮೇಲೆ ಮೊಬೈಲು ತೆಗೆದು ವಿದ್ಯಾಳಿಗೆ ಫೋನ್ ಮಾಡಿದೆ.

ಒಂದೇ ರಿಂಗಿಗೆ ಎತ್ತಿದಳು. ದನಿಯಲ್ಲಿ ಗಾಬರಿ. "ವಾರಿಜಕ್ಕ, ಎಂತ ಆಯ್ತು?"

"ಎಂತದೂ ಆಗ್ಲಿಲ್ಲ ಮಗಾ," ಎಂದೆ. "ಸಾರಿಗೆ ಒಗ್ಗರಣೆ ಹಾಕಿದೆ. ಹೇಳುವ ಅಂತ ಮಾಡಿದೆ."